ಸ್ಕಿಜೋಫ್ರೇನಿಯಾ ಚಿಕಿತ್ಸೆ: ಮೊದಲ ಚೀಟಿಯಿಂದ ಮುಂದೆ ಮನೆಯವರು ಮಾಡಬೇಕಾದ ಕೆಲಸ

ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ಬರೆದುಕೊಡಲು ಮನೋವೈದ್ಯರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಬರೆದದ್ದು ದಿನವೂ ಹೊಟ್ಟೆಗೆ ಹೋಗುವುದು, ಅದರಿಂದಾಗುವ ತೊಂದರೆ ಸಹಿಸುವ ಮಟ್ಟದಲ್ಲಿರುವುದು, ವರ್ಷಗಟ್ಟಲೆ ನಡುವೆ ಕಡಿಯದೆ ಸಾಗುವುದು, ಇವೆಲ್ಲ ಮನೆಯಲ್ಲಿ ಆಗಬೇಕಾದ ಕೆಲಸ. "ಎಷ್ಟು ಡಾಕ್ಟರಿಗೆ ತೋರಿಸಿದರೂ ವಾಸಿಯಾಗಲಿಲ್ಲ" ಎನ್ನುವ ಮನೆಗಳಲ್ಲಿ ಹಳೆಯ ಚೀಟಿಗಳನ್ನು ಸಾಲಾಗಿ ಹರಡಿ ನೋಡಿದರೆ, ಎಷ್ಟೋ ಸಲ ಯಾವ ಮಾತ್ರೆಯೂ ಸರಿಯಾದ ಪ್ರಮಾಣದಲ್ಲಿ ಪೂರ್ತಿ ಆರು ವಾರ ನಡೆದೇ ಇರುವುದಿಲ್ಲ. ಈ ಬರಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಅಂಥ ಜಾಗಗಳಲ್ಲಿ. ಔಷಧದ ಪ್ರಮಾಣಗಳನ್ನು ಕೊಟ್ಟಿರುವುದು ಚೀಟಿ ಓದಿ ಅರ್ಥ ಮಾಡಿಕೊಳ್ಳಲಿ ಎಂದು. ಏರಿಸುವುದು, ಇಳಿಸುವುದು ವೈದ್ಯರ ಕೈಯಲ್ಲೇ ಇರಲಿ.

ಎಲ್ಲಕ್ಕಿಂತ ಮೊದಲು ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮುಂದೆ ಬರುವ ಪ್ರತಿ ಹಂತದಲ್ಲೂ ಅದರಲ್ಲಿ ಬರೆಯುವುದಕ್ಕೆ ಏನಾದರೂ ಇರುತ್ತದೆ.

ಕಾಯಿಲೆಯ ಗುರುತು

ಕನ್ನಡದಲ್ಲಿ ಇದಕ್ಕೆ ಛಿದ್ರಮನಸ್ಕತೆ ಎಂಬ ಹೆಸರಿದೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ: ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಇದಲ್ಲ. ಯಾರೂ ಇಲ್ಲದಾಗ ಕಿವಿಗೆ ಮಾತು ಕೇಳಿಸುವುದು, ನೆರೆಹೊರೆಯವರು ತನ್ನ ವಿರುದ್ಧ ಪಿತೂರಿ ಮಾಡುತ್ತಿದ್ದಾರೆಂಬ ಅಲುಗದ ನಂಬಿಕೆ, ತನ್ನ ಯೋಚನೆ ಎಲ್ಲರಿಗೂ ತಿಳಿದುಹೋಗುತ್ತಿದೆ ಎನ್ನುವುದು, ತನ್ನಷ್ಟಕ್ಕೆ ನಗುವುದು, ತಾಳಮೇಳವಿಲ್ಲದ ಮಾತು - ಇವು ಎಲ್ಲರ ಕಣ್ಣಿಗೂ ಬೀಳುವ ಲಕ್ಷಣಗಳು. ಕಣ್ಣಿಗೆ ಬೀಳದೆ ಹೆಚ್ಚು ಹಾಳು ಮಾಡುವ ಇನ್ನೊಂದು ಗುಂಪಿದೆ: ಸ್ನಾನ ಬಿಡುವುದು, ಗೆಳೆಯರನ್ನು ಬಿಡುವುದು, ಮುಖದಲ್ಲಿ ಭಾವ ಇಲ್ಲದಿರುವುದು, ಯಾವುದಕ್ಕೂ ಮನಸ್ಸು ಏಳದಿರುವುದು. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಇದ್ದು, ಬೇರೆ ಕಾರಣ ಸಿಗದಿದ್ದರೆ ವೈದ್ಯರು ಈ ಹೆಸರಿನತ್ತ ಬರುತ್ತಾರೆ. ಗಂಡಸರಲ್ಲಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದಲ್ಲಿ, ಹೆಂಗಸರಲ್ಲಿ ಸಾಮಾನ್ಯವಾಗಿ ಕೆಲವು ವರ್ಷ ತಡವಾಗಿ ಶುರುವಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಬೇಕಾದ್ದು: ಮೊದಲ ಬದಲಾವಣೆ ಕಂಡದ್ದು ಯಾವಾಗ (ಯುಗಾದಿಗೆ ಮೊದಲೋ, ದೀಪಾವಳಿ ಆದಮೇಲೋ ಎಂಬ ಲೆಕ್ಕವೂ ನಡೆಯುತ್ತದೆ), ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಹೇಗಿದೆ, ಗಾಂಜಾ, ಸಾರಾಯಿ, ಬೀಡಿ ಎಷ್ಟು, ಜ್ವರ, ಫಿಟ್ಸ್, ತಲೆಗೆ ಪೆಟ್ಟು ಆಗಿತ್ತೇ, ಹೆರಿಗೆಯಾಗಿ ಎಷ್ಟು ದಿನ, ವಂಶದಲ್ಲಿ ಯಾರಿಗಾದರೂ ಇತ್ತೇ. "ಹುಚ್ಚುಹುಚ್ಚಾಗಿ ಆಡುತ್ತಾನೆ" ಎಂದು ಬರೆಯಬೇಡಿ. "ಟೀವಿಯವರು ನನ್ನ ಹೆಸರು ಹೇಳುತ್ತಿದ್ದಾರೆ ಎಂದು ವೈರು ಕಿತ್ತ" ಎಂದು ಬರೆಯಿರಿ. ವೈದ್ಯರಿಗೆ ಬೇಕಾದದ್ದು ಎರಡನೆಯದು. ಆಡಿದ ಮಾತು ಆಡಿದ ಹಾಗೇ ಇದ್ದರೆ ಇನ್ನೂ ಒಳ್ಳೆಯದು.

ಎಲ್ಲಿಗೆ ಹೋಗುವುದು

ಎಲ್ಲರೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನ ಮಂಗಳವಾರದ ಕ್ಲಿನಿಕ್‌ಗಳು ನಡೆಯುತ್ತವೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹತ್ತಿರದ ಆಸ್ಪತ್ರೆಯನ್ನು ಆರಿಸಿಕೊಳ್ಳಿ ಎನ್ನುವುದಕ್ಕೆ ಕಾರಣವಿದೆ. ತಿಂಗಳಿಗೊಮ್ಮೆ ಹೋಗಿಬರುವ ಕಾಯಿಲೆ ಇದು. ಇನ್ನೂರು ಕಿಲೋಮೀಟರು ದೂರದ ದೊಡ್ಡ ಆಸ್ಪತ್ರೆಗೆ ಮೂರು ಸಲ ಹೋಗಿ ನಾಲ್ಕನೇ ಸಲ ಬಿಡುವುದಕ್ಕಿಂತ ತಾಲ್ಲೂಕಿನಲ್ಲಿ ಮೂರು ವರ್ಷ ತಪ್ಪದೆ ಹೋಗುವುದು ಮೇಲು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ತುಮಕೂರು ಜಿಲ್ಲೆಯ ತುರುವೇಕೆರೆಯಂಥ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡಗಳು ಹಳ್ಳಿಗಳಲ್ಲೇ ರೋಗಿಗಳನ್ನು ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು ನೋಡಿವೆ. ಕಡಿಮೆ ಬೆಲೆಯ ಮಾತ್ರೆ, ನಿಯಮಿತ ಭೇಟಿ ಸಿಕ್ಕಾಗ, ಬಹಳ ಕಾಲ ಚಿಕಿತ್ಸೆ ಕಾಣದವರ ದೈನಂದಿನ ಸಾಮರ್ಥ್ಯವೂ ಸುಧಾರಿಸಿದ್ದು ಅಲ್ಲಿ ಕಂಡಿದೆ.

ದೇವಸ್ಥಾನ, ದರ್ಗಾ, ಹರಕೆಗಳ ವಿಷಯದಲ್ಲಿ ಜಗಳ ಆಡಬೇಡಿ. ಅಜ್ಜಿಗೆ ಪೂಜೆ ಮಾಡಿಸಬೇಕೆನಿಸಿದರೆ ಮಾಡಿಸಲಿ. ಷರತ್ತು ಮೂರೇ: ಮಾತ್ರೆ ನಿಲ್ಲಬಾರದು, ಹೊಡೆಯಬಾರದು, ಕಟ್ಟಿಹಾಕಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ರೋಗಿಗಳಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಸರಪಳಿ ಹಾಕುವುದು ಈಗ ಕಾನೂನಿನಲ್ಲೇ ನಿಷಿದ್ಧ.

ಬರುವುದಿಲ್ಲ ಎಂದರೆ

ಹೆಚ್ಚಿನ ಮನೆಗಳು ಮೊದಲು ಮುಗ್ಗರಿಸುವುದು ಇಲ್ಲೇ. ತನಗೆ ಕಾಯಿಲೆ ಇದೆ ಎಂಬ ಅರಿವು ಇಲ್ಲದಿರುವುದು ಈ ಕಾಯಿಲೆಯದೇ ಒಂದು ಭಾಗ. "ನಿನಗೆ ತಲೆ ಸರಿ ಇಲ್ಲ, ನಡಿ" ಎಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವರಿಗೇ ತೊಂದರೆ ಎನಿಸಿದ್ದನ್ನು ಹಿಡಿದು ಮಾತಾಡಿ: "ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲವಲ್ಲ ಮಗಾ, ಅದಕ್ಕಾದರೂ ಡಾಕ್ಟರನ್ನು ಕೇಳೋಣ." ಅವರು ನಂಬುವ ಒಬ್ಬರು ಇದ್ದೇ ಇರುತ್ತಾರೆ, ಸೋದರಮಾವನೋ, ಅತ್ತಿಗೆಯೋ, ಹಳೆಯ ಮೇಷ್ಟರೋ. ಅವರ ಕೈಲಿ ಹೇಳಿಸಿ. ಮದುವೆಗೆ ಹೋಗೋಣ ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯುವುದು ಒಂದು ಸಲ ನಡೆಯುತ್ತದೆ. ಎರಡನೇ ಸಲಕ್ಕೆ ನಿಮ್ಮ ಮಾತನ್ನು ನಂಬುವವರು ಇರುವುದಿಲ್ಲ. ಅವರು ಬಾರದಿದ್ದರೂ ನೋಟ್‌ಬುಕ್ ಹಿಡಿದು ನೀವೊಬ್ಬರೇ ಹೋಗಿ ಮಾತಾಡಿ. ತಂಡ ಮನೆಗೆ ಬರಬಹುದೇ ಎಂದು ಅಲ್ಲೇ ಕೇಳಿ.

ಹೊಡೆಯಲು ಬರುತ್ತಿದ್ದಾರೆ, ಸಾಯುತ್ತೇನೆ ಎನ್ನುತ್ತಿದ್ದಾರೆ, ದಿನಗಟ್ಟಲೆ ಅನ್ನ ನೀರು ಮುಟ್ಟಿಲ್ಲ ಎಂದರೆ ಕಾಯಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಇಂಥ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು, ರೋಗಿಯ ಪರ ನಾಮನಿರ್ದೇಶಿತ ಪ್ರತಿನಿಧಿ ಸ್ಥಳದಲ್ಲಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಸ್ವತಃ ಒಪ್ಪಿ ದಾಖಲಾಗುವುದು ಸೆಕ್ಷನ್ 86ರಡಿ. ಒಪ್ಪದಿದ್ದವರನ್ನು ಪ್ರತಿನಿಧಿಯ ಅರ್ಜಿಯ ಮೇಲೆ ಸೆಕ್ಷನ್ 89ರಡಿ 30 ದಿನದವರೆಗೆ ದಾಖಲಿಸಬಹುದು. ಅದಕ್ಕೆ ಮನೋವೈದ್ಯರೊಬ್ಬರು ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಬೀದಿಯಲ್ಲಿ ಅಲೆಯುತ್ತಿರುವವರನ್ನು ರಕ್ಷಿಸುವ ಹೊಣೆ ಪೊಲೀಸರದ್ದು. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ.

ಮೊದಲ ಭೇಟಿ

ಸ್ಕ್ಯಾನ್ ಮಾಡಿ "ಇದು ಸ್ಕಿಜೋಫ್ರೇನಿಯಾ" ಎಂದು ಹೇಳಲು ಬರುವುದಿಲ್ಲ. ಪರೀಕ್ಷೆಗಳಿರುವುದು ಇದೇ ರೂಪದಲ್ಲಿ ಬರುವ ಬೇರೆ ಕಾಯಿಲೆಗಳನ್ನು ಬೇರ್ಪಡಿಸುವುದಕ್ಕೆ: ಥೈರಾಯ್ಡ್, ಬಿ12 ಕೊರತೆ, ಮಿದುಳಿನ ಸೋಂಕು, ಅಪಸ್ಮಾರ, ಸ್ಟೀರಾಯ್ಡ್ ಮಾತ್ರೆ, ಗಾಂಜಾ. ಜ್ವರ, ಫಿಟ್ಸ್, ಅಥವಾ ಕೆಲವೇ ದಿನಗಳಲ್ಲಿ ಪೂರ್ತಿ ಗೊಂದಲಕ್ಕೆ ಬಿದ್ದದ್ದು ಇದ್ದರೆ ಒತ್ತಿ ಹೇಳಿ. ಆಗ ಮೊದಲು ನೋಡಬೇಕಾದವರು ನರವೈದ್ಯರು ಇರಬಹುದು. ಮಾತ್ರೆ ಶುರುವಾಗುವ ಮೊದಲೇ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಬರೆಸಿಕೊಳ್ಳಿ. ಆರು ತಿಂಗಳಾದ ಮೇಲೆ "ಮೊದಲೇ ಹೀಗಿತ್ತೋ, ಮಾತ್ರೆಯಿಂದ ಆಯಿತೋ" ಎಂಬ ಪ್ರಶ್ನೆ ಬಂದಾಗ ಈ ಅಂಕಿಗಳೇ ಉತ್ತರ ಕೊಡಬೇಕು.

ಮಾತ್ರೆ: ಯಾವುದು, ಎಷ್ಟು, ಎಷ್ಟು ದಿನಕ್ಕೆ ಗುಣ

ಸಾಮಾನ್ಯವಾಗಿ ಮೊದಲು ಬರೆಯುವುದು ರಿಸ್ಪೆರಿಡೋನ್ (1-2 ಮಿಲಿಗ್ರಾಂನಿಂದ ಶುರು, 4-6ರ ಆಸುಪಾಸು), ಒಲಾಂಜಪಿನ್ (5-10ರಿಂದ ಶುರು, 20ರವರೆಗೆ), ಅರಿಪಿಪ್ರಜೋಲ್ (10-15ರಿಂದ 30ರವರೆಗೆ), ಅಮಿಸಲ್‌ಪ್ರೈಡ್ (400-800). ಹಳೆಯ ಹ್ಯಾಲೋಪೆರಿಡಾಲ್ ಇನ್ನೂ ಬಳಕೆಯಲ್ಲಿದೆ. ಮೊದಲ ಸಲ ಕಾಯಿಲೆ ಬಂದವರಿಗೆ ಕಡಿಮೆ ಪ್ರಮಾಣವೇ ಸಾಕಾಗುತ್ತದೆ, ಅಡ್ಡಪರಿಣಾಮವೂ ಅವರಿಗೇ ಬೇಗ. ಪರಿಣಾಮದಲ್ಲಿ, ಬೇರೆ ಔಷಧ ಸೋತಾಗ ಕೊಡುವ ಕ್ಲೊಜಪಿನ್ ಒಂದನ್ನು ಬಿಟ್ಟು, ಇವುಗಳ ನಡುವೆ ಆಕಾಶ ಪಾತಾಳದ ಅಂತರವಿಲ್ಲ. ಅಂತರ ಇರುವುದು ತೊಂದರೆಗಳಲ್ಲಿ. ಆದ್ದರಿಂದ "ಯಾವುದು ಬಲವಾದ ಮಾತ್ರೆ" ಎಂದು ಕೇಳುವುದಕ್ಕಿಂತ "ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ ಇದೆ, ಇವನಿಗೆ ಯಾವುದು ಸೂಕ್ತ" ಎಂದು ಕೇಳಿ.

ಗುಣ ಬರುವ ಕ್ರಮ ಹೀಗೆ. ಮೊದಲ ವಾರದಲ್ಲಿ ನಿದ್ದೆ ಬರುತ್ತದೆ, ಕೆರಳುವುದು ತಗ್ಗುತ್ತದೆ. ಕಿವಿಯ ಮಾತು, ಅನುಮಾನ ಸಡಿಲವಾಗಲು ಎರಡರಿಂದ ಆರು ವಾರ. ಆಗಲೂ ಮಾತು ಒಮ್ಮೆಲೇ ನಿಲ್ಲುವುದಿಲ್ಲ. "ಕೇಳಿಸುತ್ತದೆ, ಆದರೆ ಮೊದಲಿನಷ್ಟು ಲಕ್ಷ್ಯ ಕೊಡುವುದಿಲ್ಲ" ಎನ್ನುವ ಹಂತವೊಂದು ನಡುವೆ ಬರುತ್ತದೆ. ಉತ್ಸಾಹ, ಕೆಲಸದ ಮನಸ್ಸು ಮರಳಲು ತಿಂಗಳುಗಳು ಬೇಕು, ಅದಕ್ಕೆ ಮಾತ್ರೆಯ ಸಹಾಯವೂ ಕಡಿಮೆ. ಹತ್ತು ದಿನಕ್ಕೆ ವೈದ್ಯರನ್ನು ಬದಲಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಹೊಸ ವೈದ್ಯರು ಹೊಸ ಮಾತ್ರೆ ಬರೆಯುತ್ತಾರೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಸರಿಯಾದ ಪ್ರಮಾಣದಲ್ಲಿ ಎರಡು ವಾರ ಕಳೆದರೂ ಒಂದಿಷ್ಟೂ ಬದಲಾವಣೆ ಕಾಣದಿದ್ದರೆ ಮಾತ್ರ ಅದೇ ವೈದ್ಯರಿಗೆ ತಿಳಿಸಿ.

ನೋಟ್‌ಬುಕ್ಕಿನಲ್ಲಿ ಔಷಧಕ್ಕೆ ಬೇರೆ ಪುಟ ಇಡಿ. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು. ನೀವು ಬರೆಯಬೇಕಾದ್ದು ಸಣ್ಣ ಅಕ್ಷರದ ಔಷಧದ ಹೆಸರು, ಮಿಲಿಗ್ರಾಂ, ಶುರುವಾದ ದಿನ, ನಿಂತ ದಿನ, ನಿಂತದ್ದು ಯಾಕೆ. ಜನೌಷಧಿ ಅಂಗಡಿಯಲ್ಲಿ ಬೇರೆ ಹೆಸರಿನಲ್ಲಿ ಅದೇ ಔಷಧ ಕೊಟ್ಟಾಗ ಎರಡನ್ನೂ ನುಂಗಿಸುವ ಅನಾಹುತ ಇದರಿಂದ ತಪ್ಪುತ್ತದೆ. ಹೆಸರಿನ ಕೊನೆಗೆ "ಪ್ಲಸ್" ಇರುವ ರಿಸ್ಪೆರಿಡೋನ್ ಮಾತ್ರೆಗಳಲ್ಲಿ ಕೈ ನಡುಕ ತಡೆಯುವ ಟ್ರೈಹೆಕ್ಸಿಫೆನಿಡಿಲ್ ಕೂಡ ಬೆರೆತಿರುತ್ತದೆ. ಒಂದನ್ನು ಎರಡು ಮಾಡಿದರೆ ಎರಡೂ ಔಷಧ ದುಪ್ಪಟ್ಟಾದಂತೆ: ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮರೆವು ಬರುತ್ತದೆ.

ಅಡ್ಡಪರಿಣಾಮಗಳು

ರೋಗಿ ಮಾತ್ರೆ ಬಿಡುವುದಕ್ಕೆ ಕಾಯಿಲೆಯಷ್ಟೇ ದೊಡ್ಡ ಕಾರಣ ಇವು. "ಮಾತ್ರೆ ತಿಂದರೆ ಮೈ ಹೀಗಾಗುತ್ತದೆ" ಎಂದು ಅವರು ಹೇಳಿದಾಗ ನೆಪ ಎಂದು ತಳ್ಳಿಹಾಕಬೇಡಿ.

ಮೊದಲ ಐದಾರು ದಿನದಲ್ಲಿ, ಅದರಲ್ಲೂ ಹ್ಯಾಲೋಪೆರಿಡಾಲ್ ಪಡೆದ ಎಳೆಯ ಹುಡುಗರಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು, ದವಡೆ ಹಿಡಿಯಬಹುದು. ನೋಡಿದವರಿಗೆ ಜೀವ ಬಾಯಿಗೆ ಬರುತ್ತದೆ. ದೆವ್ವ ಮೆಟ್ಟಿಕೊಂಡಿತು ಎಂದು ಮಾತ್ರೆ ಎಸೆದ ಮನೆಗಳಿವೆ. ಹತ್ತಿರದ ಯಾವುದೇ ಆಸ್ಪತ್ರೆಯಲ್ಲಿ ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಹೋಗುವಾಗ ಮಾತ್ರೆಯ ಪಟ್ಟಿ ಜೊತೆಗಿರಲಿ. ಅದು ಕಾಣದಿದ್ದರೆ ವೈದ್ಯರು ಧನುರ್ವಾಯುವೋ ಫಿಟ್ಸೋ ಎಂದು ಹುಡುಕುತ್ತ ಕೂರುತ್ತಾರೆ.

ಎರಡನೆಯದು ಚಡಪಡಿಕೆ. ಕೂತಲ್ಲಿ ಕೂರಲಾರರು, ಕಾಲು ಕುಣಿಸುತ್ತಾರೆ, ರಾತ್ರಿಯಿಡೀ ಹಜಾರದಲ್ಲಿ ಓಡಾಡುತ್ತಾರೆ. ಕಾಯಿಲೆ ಹೆಚ್ಚಾಯಿತೆಂದು ಮನೆಯವರು ಹೇಳುತ್ತಾರೆ, ಮಾತ್ರೆ ಏರುತ್ತದೆ, ಚಡಪಡಿಕೆಯೂ ಏರುತ್ತದೆ. ಗುರುತಿಸುವ ಉಪಾಯ: "ಮನಸ್ಸಿಗೆ ಹಿಂಸೆಯೋ, ಕಾಲೊಳಗೆ ಹಿಂಸೆಯೋ?" ಎಂದು ಕೇಳಿ. ಮಾತ್ರೆ ಶುರುವಾದ ಅಥವಾ ಏರಿದ ಕೆಲವು ದಿನದಲ್ಲೇ ಬಂದಿದ್ದರೆ ಅನುಮಾನ ಮಾತ್ರೆಯ ಮೇಲೆ. ಪ್ರಮಾಣ ಇಳಿಸುವುದು ಅಥವಾ ಪ್ರೊಪ್ರನಲಾಲ್ ಸೇರಿಸುವುದು ವೈದ್ಯರು ಮಾಡುವ ಉಪಾಯ. ಇದು ಬಹಳ ಹಿಂಸೆ ಕೊಡುತ್ತದೆ, ಸಾಯುವ ಯೋಚನೆಯವರೆಗೂ ತಳ್ಳಬಲ್ಲದು. ಮುಂದಿನ ತಿಂಗಳ ಭೇಟಿಯವರೆಗೆ ಕಾಯುವ ವಿಷಯವಲ್ಲ.

ಕೈ ನಡುಕ, ನಿಧಾನ ನಡಿಗೆ, ಜೊಲ್ಲು: ಪ್ರಮಾಣ ಹೆಚ್ಚಿದ್ದರ ಗುರುತು. ಮುಟ್ಟು ನಿಲ್ಲುವುದು, ಮೊಲೆಯಲ್ಲಿ ಹಾಲು ಬರುವುದು, ಲೈಂಗಿಕ ಆಸಕ್ತಿ ಕುಗ್ಗುವುದು ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್‌ಗಳಲ್ಲಿ ಹೆಚ್ಚು. ಇದನ್ನು ಯಾರೂ ತಾವಾಗಿ ಹೇಳಿಕೊಳ್ಳುವುದಿಲ್ಲ, ಮದುವೆಯಾದ ಗಂಡಸರು ಸದ್ದಿಲ್ಲದೆ ಮಾತ್ರೆ ಬಿಡುವುದು ಎಷ್ಟೋ ಸಲ ಇದಕ್ಕೇ. ಮನೆಯವರನ್ನು ಹೊರಗೆ ಕೂರಿಸಿ ಐದು ನಿಮಿಷ ಒಬ್ಬರೇ ಮಾತಾಡಲು ಬಿಡಿ ಎಂದು ವೈದ್ಯರನ್ನು ಕೇಳಿ.

ತೂಕ ಒಲಾಂಜಪಿನ್, ಕ್ಲೊಜಪಿನ್‌ಗಳ ದೊಡ್ಡ ಕಾಟ. ಹಸಿವು ತಡೆಯಲಾಗುವುದಿಲ್ಲ, ರಾತ್ರಿ ಎದ್ದು ಅನ್ನದ ಪಾತ್ರೆ ಖಾಲಿ ಮಾಡುತ್ತಾರೆ. ಮೊದಲ ಆರು ವಾರ ವಾರಕ್ಕೊಮ್ಮೆ ತೂಕ ನೋಡಿ. 60 ಕೆಜಿಯವರು 63 ಮುಟ್ಟಿದರೆ ಆಗಲೇ ಹೇಳಬೇಕು. 75 ಆದಮೇಲೆ ಇಳಿಸುವುದು ಕಷ್ಟ. ಟೀಯ ಸಕ್ಕರೆ, ತಂಪು ಪಾನೀಯ, ಬೇಕರಿ ತಿಂಡಿ ಮೊದಲು ನಿಲ್ಲಲಿ. ಹೊಟ್ಟೆ ತುಂಬಲು ಪಲ್ಯ, ಕಾಳಿನ ಸಾರು, ಮಜ್ಜಿಗೆ ಹೆಚ್ಚಿಸಿ, ಮುದ್ದೆ ಅನ್ನ ಎರಡನ್ನೂ ಒಂದೇ ಊಟಕ್ಕೆ ಬಡಿಸಬೇಡಿ. ಶುರುವಿನಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಸೇರಿಸುವ ವೈದ್ಯರೂ ಇದ್ದಾರೆ. ಸಕ್ಕರೆ, ಕೊಲೆಸ್ಟ್ರಾಲ್ ಮೂರು ತಿಂಗಳಾದಾಗ ಒಂದು ಸಲ ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಸೊಂಟದ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು.

ತೀರಾ ಅಪರೂಪದ, ಜೀವಕ್ಕೆ ಅಪಾಯದ ಒಂದನ್ನು ನೆನಪಿಡಿ: ಜೋರು ಜ್ವರ, ಮೈ ಕಟ್ಟಿಗೆಯಂತೆ ಬಿಗಿಯುವುದು, ಬೆವರು, ಗೊಂದಲ ಒಟ್ಟಿಗೆ ಬಂದರೆ ಮುಂದಿನ ಮಾತ್ರೆ ಕೊಡದೆ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆ ಹೊಟ್ಟೆಗೆ ಹೋಗುವಂತೆ ಮಾಡುವುದು

ದಿನಕ್ಕೆ ಮೂರು ಹೊತ್ತು ಬರೆದಿದ್ದರೆ ರಾತ್ರಿ ಒಂದೇ ಹೊತ್ತಿಗೆ ತರಲು ಆಗುತ್ತದೆಯೇ ಕೇಳಿ. ಹೆಚ್ಚಿನ ಮಾತ್ರೆಗಳಿಗೆ ಆಗುತ್ತದೆ. ಏಳು ಗೂಡಿನ ಡಬ್ಬಿ ತಂದು ಭಾನುವಾರ ಅವರ ಕೈಯಲ್ಲೇ ತುಂಬಿಸಿ, ನೀವು ಪಕ್ಕದಲ್ಲಿ ಕೂತಿರಿ. ಊಟವಾದ ಮೇಲೆ ಪೂರ್ತಿ ಲೋಟ ನೀರಿನ ಜೊತೆ ಕೊಟ್ಟು ಐದು ನಿಮಿಷ ಬೇರೇನಾದರೂ ಮಾತಾಡಿ. ನಾಲಿಗೆಯಡಿ ಇಟ್ಟುಕೊಂಡ ಮಾತ್ರೆ ಅಷ್ಟರಲ್ಲಿ ಕರಗುತ್ತದೆ, ಪೊಲೀಸರ ಹಾಗೆ ಬಾಯಿ ತೆರೆಸಿ ನೋಡುವ ಅವಮಾನವೂ ತಪ್ಪುತ್ತದೆ. ತಿಂಗಳ ಕೊನೆಗೆ ಪಟ್ಟಿಯಲ್ಲಿ ಉಳಿದದ್ದನ್ನು ಎಣಿಸಿ ನೋಟ್‌ಬುಕ್ಕಿಗೆ ಹಾಕಿ.

ಸಾರಿನಲ್ಲಿ, ಕಾಫಿಯಲ್ಲಿ ಗುಟ್ಟಾಗಿ ಬೆರೆಸಿ ಕೊಡುವುದು ನಮ್ಮಲ್ಲಿ ಅಪರೂಪವಲ್ಲ. ಯಾಕೆ ಮಾಡುತ್ತಾರೆಂಬುದು ಅರ್ಥವಾಗುವಂಥದ್ದೇ. ಆದರೂ ಲೆಕ್ಕ ಹಾಕಿ ನೋಡಿ. "ನನಗೆ ವಿಷ ಹಾಕುತ್ತಿದ್ದಾರೆ" ಎಂಬ ಅನುಮಾನ ಇರುವವರ ತಟ್ಟೆಗೆ ನೀವು ನಿಜವಾಗಿಯೂ ಏನನ್ನೋ ಹಾಕಿದ್ದೀರಿ. ಸಿಕ್ಕಿಬಿದ್ದ ದಿನ ಊಟವೂ ನಿಲ್ಲುತ್ತದೆ, ಮನೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಅವರು ಅರ್ಧ ಲೋಟ ಬಿಟ್ಟರೆ ಎಷ್ಟು ಔಷಧ ಹೋಯಿತೆಂಬುದು ನಿಮಗೂ ಗೊತ್ತಿಲ್ಲ. ಈಗಾಗಲೇ ಹಾಗೆ ಕೊಡುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಅನುಮಾನ ಸ್ವಲ್ಪ ತಗ್ಗಿದ ಮೇಲೆ ಅವರ ಅರಿವಿನಲ್ಲೇ ಕೊಡುವ ದಾರಿಗೆ ಬರುವುದು ಹೇಗೆಂದು ಕೇಳಿ. ನಾಲಿಗೆಯ ಮೇಲೇ ಕರಗುವ ಮಾತ್ರೆ, ದ್ರವರೂಪದ ಔಷಧ ಇವೆ. ಅವುಗಳಿಗಿಂತ ಒಳ್ಳೆಯ ದಾರಿ ತಿಂಗಳ ಇಂಜೆಕ್ಷನ್.

ಸ್ನಾಯುವಿಗೆ ಕೊಟ್ಟ ಈ ಇಂಜೆಕ್ಷನ್ನಿನಿಂದ ಔಷಧ ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಫ್ಲುಫೆನಜೀನ್ ಡೆಕನೋಯೇಟ್ 25 ಮಿಲಿಗ್ರಾಂ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬೆಲೆ ಕಡಿಮೆ. ಹ್ಯಾಲೋಪೆರಿಡಾಲ್ ಡೆಕನೋಯೇಟ್ ತಿಂಗಳಿಗೊಮ್ಮೆ. ದುಬಾರಿಯಾದ ಪ್ಯಾಲಿಪೆರಿಡೋನ್ ಮೊದಲ ದಿನ 150, ಎಂಟನೇ ದಿನ 100, ಆಮೇಲೆ ತಿಂಗಳಿಗೊಮ್ಮೆ. ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಲು ಆಗದು, ಆದ್ದರಿಂದ ಅದೇ ಔಷಧದ ಮಾತ್ರೆ ಒಗ್ಗುತ್ತದೆಯೇ ಎಂದು ಮೊದಲು ನೋಡುತ್ತಾರೆ. ಇದರಲ್ಲೊಂದು ಮೋಸ ಅಡಗಿದೆ. ಇಂಜೆಕ್ಷನ್ ತಪ್ಪಿಸಿದ ತಿಂಗಳು ಏನೂ ಆಗುವುದಿಲ್ಲ. ಔಷಧ ಮೈಯಲ್ಲಿ ಇನ್ನೂ ಇರುತ್ತದೆ, ಮೈ ಹಗುರವಾದಂತೆ ಅನಿಸುತ್ತದೆ, "ನೋಡಿ, ಇಲ್ಲದೆಯೂ ಚೆನ್ನಾಗಿದ್ದಾನೆ" ಎನ್ನುತ್ತಾರೆ. ಕಾಯಿಲೆ ಮರಳುವುದು ಇನ್ನೆರಡು ಮೂರು ತಿಂಗಳಿಗೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಗುರುತಿರುವ ಹಾಗೆ ಇಂಜೆಕ್ಷನ್ ದಿನಕ್ಕೂ ಕೆಂಪು ಸುತ್ತು ಇರಲಿ.

ಎರಡು ಔಷಧ ಸೋತರೆ ಕ್ಲೊಜಪಿನ್

ಎರಡು ಬೇರೆಬೇರೆ ಔಷಧ, ಒಂದೊಂದೂ ಸರಿಯಾದ ಪ್ರಮಾಣದಲ್ಲಿ ಕನಿಷ್ಠ ಆರು ವಾರ, ನಿಜವಾಗಿ ನುಂಗಿದ್ದು ಖಾತ್ರಿಯಿದ್ದೂ ಗುಣ ಕಾಣದಿದ್ದರೆ ಮುಂದಿನ ಆಯ್ಕೆ ಕ್ಲೊಜಪಿನ್. ಸುಮಾರು ಮೂವರಲ್ಲಿ ಒಬ್ಬರು ಈ ಹಂತಕ್ಕೆ ಬರುತ್ತಾರೆ. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಬೇರಾವುದಕ್ಕೂ ಬಗ್ಗದ ರೋಗಿಗಳಲ್ಲಿ 100ಕ್ಕೆ 30 ಮಂದಿ ಆರು ವಾರದಲ್ಲಿ ಕ್ಲೊಜಪಿನ್‌ಗೆ ಸ್ಪಂದಿಸಿದರು, ಹಳೆಯ ಔಷಧವಾದ ಕ್ಲೋರ್‌ಪ್ರೊಮಜೀನ್‌ಗೆ 4 ಮಂದಿ. ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲೂ ಇದಕ್ಕೆ ಹೆಸರಿದೆ. ನಮ್ಮಲ್ಲಿ ಇದನ್ನು ಐದನೆಯದೋ ಆರನೆಯದೋ ಆಗಿ ತರುವುದು ರೂಢಿ, ಅಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತವೆ. ನಿಮ್ಮ ಔಷಧದ ಪುಟದಲ್ಲಿ ಪೂರ್ತಿ ನಡೆದ ಎರಡು ಪ್ರಯತ್ನಗಳಿದ್ದರೆ ಅದನ್ನೇ ತೋರಿಸಿ "ಕ್ಲೊಜಪಿನ್ ನೋಡಬಹುದೇ" ಎಂದು ಕೇಳುವ ಹಕ್ಕು ನಿಮಗಿದೆ.

ಕ್ರಮ ಬಿಗಿಯಾದದ್ದು. ಮೊದಲ ದಿನ 12.5 ಮಿಲಿಗ್ರಾಂ, ಎರಡು ಮೂರು ವಾರದಲ್ಲಿ ನಿಧಾನವಾಗಿ 300ರ ಆಸುಪಾಸಿಗೆ. ಬಿಳಿ ರಕ್ತಕಣಗಳು ಕುಸಿಯುವ ಅಪರೂಪದ ಅಪಾಯವಿರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ. ಊರಿನ ಲ್ಯಾಬಿನವರು ಬಿಳಿ ಕಣಗಳ ಒಟ್ಟು ಕೌಂಟ್, ಅದರಲ್ಲಿ ಒಂದೊಂದು ಬಗೆಯ ಶೇಕಡಾವಾರು ಮಾತ್ರ ಬರೆದುಕೊಡುತ್ತಾರೆ. ಬೇಕಾದದ್ದು ಆ ಬಗೆಗಳಲ್ಲೊಂದಾದ ನ್ಯೂಟ್ರೋಫಿಲ್‌ನ ಸಂಖ್ಯೆ. ಒಟ್ಟು ಕೌಂಟ್ 6,000, ನ್ಯೂಟ್ರೋಫಿಲ್ 60 ಶೇಕಡಾ ಎಂದಿದ್ದರೆ 6,000ವನ್ನು 60ರಿಂದ ಗುಣಿಸಿ 100ರಿಂದ ಭಾಗಿಸಿ: 3,600. ಇದು 1,500ಕ್ಕಿಂತ ಕೆಳಗಿಳಿದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಗಂಟಲು ನೋವು, ಜ್ವರ ಬಂದರೆ ವಾರ ತುಂಬುವವರೆಗೆ ಕಾಯದೆ ಅಂದೇ ರಕ್ತ ಕೊಡಿ. ಮೊದಲ ಎರಡು ತಿಂಗಳಲ್ಲಿ ಜ್ವರದ ಜೊತೆ ಎದೆನೋವು, ಏದುಸಿರು ಇದ್ದರೆ ಹೃದಯದ ಪರೀಕ್ಷೆಯೂ ಆಗಬೇಕು.

ರಕ್ತದ ಭಯದಲ್ಲಿ ಎಲ್ಲರೂ ಮರೆಯುವುದು ಮಲಬದ್ಧತೆ. ಕ್ಲೊಜಪಿನ್ ಕರುಳಿನ ಚಲನೆಯನ್ನೇ ಮಂದ ಮಾಡುತ್ತದೆ, ಕರುಳು ಕಟ್ಟಿ ಸತ್ತವರಿದ್ದಾರೆ. ದಿನವೂ ನಾಚಿಕೆಯಿಲ್ಲದೆ ಕೇಳಿ. ಎರಡು ದಿನ ಆಗದಿದ್ದರೆ ವಿರೇಚಕದ ಔಷಧ ಕೇಳಿ ಪಡೆಯಿರಿ. ನೀರು ಕುಡಿಸದೆ ಇಸಬ್‌ಗೋಲ್ ಒಂದನ್ನೇ ಕೊಟ್ಟರೆ ಇನ್ನಷ್ಟು ಕಟ್ಟುತ್ತದೆ. ಹೊಟ್ಟೆ ಉಬ್ಬರ, ನೋವು, ವಾಂತಿ ಬಂದರೆ ತುರ್ತು. ರಾತ್ರಿಯ ಜೊಲ್ಲಿಗೆ ದಿಂಬಿನ ಮೇಲೆ ಟವೆಲ್ ಹಾಸಿ ಪಕ್ಕಕ್ಕೆ ತಿರುಗಿ ಮಲಗುವುದು, ಕಡಿಮೆಯಾಗದಿದ್ದರೆ ಔಷಧ.

ಇನ್ನೆರಡು ಎಚ್ಚರಗಳಿವೆ. 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣ ಒಮ್ಮೆಲೇ ಕೊಡಬೇಡಿ, ಬಿಪಿ ಕುಸಿದು ಬೀಳಬಹುದು. ವೈದ್ಯರು ಮತ್ತೆ 12.5ರಿಂದ ಶುರು ಮಾಡಿಸುತ್ತಾರೆ. ಬೀಡಿ ಸಿಗರೇಟಿನ ಹೊಗೆ ಕ್ಲೊಜಪಿನ್, ಒಲಾಂಜಪಿನ್‌ಗಳನ್ನು ಬೇಗ ಕರಗಿಸುತ್ತದೆ. ದಿನಕ್ಕೆ ಎರಡು ಕಟ್ಟು ಸೇದುವವರು ಆಸ್ಪತ್ರೆಯಲ್ಲಿ ಸೇದದೆ ಇದ್ದು ಮನೆಗೆ ಬಂದು ಮತ್ತೆ ಹಚ್ಚಿದರೆ ಅದೇ ಪ್ರಮಾಣ ಸಾಲದಾಗುತ್ತದೆ. ಬೀಡಿಯನ್ನು ಒಮ್ಮೆಲೇ ಬಿಟ್ಟರೆ ಔಷಧ ರಕ್ತದಲ್ಲಿ ಏರಿ ಮಂಪರು, ಫಿಟ್ಸ್ ಬರಬಹುದು. ಬಿಡುವುದು ಒಳ್ಳೆಯದೇ, ಬಿಡುವ ವಾರ ವೈದ್ಯರಿಗೆ ತಿಳಿದಿರಬೇಕು, ಅಷ್ಟೆ.

ಕರೆಂಟ್ ಕೊಡುವುದು ಎಂದು ಜನ ಹೆದರುವ ಇ.ಸಿ.ಟಿ.ಯನ್ನು ಅನ್ನ ನೀರು ಬಿಟ್ಟು ಮರಗಟ್ಟಿ ಕೂತವರಿಗೆ, ಆತ್ಮಹತ್ಯೆಯ ತೀವ್ರ ಅಪಾಯ ಇದ್ದವರಿಗೆ, ಕ್ಲೊಜಪಿನ್ ಒಂದೇ ಸಾಲದವರಿಗೆ ಬಳಸುತ್ತಾರೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಕೊಡುವುದನ್ನು ಕಾಯ್ದೆ ನಿಷೇಧಿಸಿದೆ.

ಮನೆಯ ಮಾತು, ದಿನದ ಕೆಲಸ

ಟೀಕೆ, ಸಿಡುಕು, ಅತಿಯಾದ ಕಾಳಜಿ ಹೆಚ್ಚಿರುವ ಮನೆಗಳಲ್ಲಿ ಕಾಯಿಲೆ ಮರಳುವುದು ಹೆಚ್ಚು. ಇದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡದ್ದು. ಮನೆಯವರು ಕಾಯಿಲೆ ತಂದರು ಎಂದು ಇದರ ಅರ್ಥವಲ್ಲ. ಭ್ರಮೆಯ ಜೊತೆ ವಾದಕ್ಕೆ ಇಳಿಯಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ. "ಅಮ್ಮಾ, ಪಕ್ಕದ ಮನೆಯವರು ಬೈತಿದ್ದಾರೆ" ಎಂದರೆ "ನನಗೆ ಕೇಳಿಸಲಿಲ್ಲ ಕಣೋ, ನಿನಗೆ ಕೇಳಿಸಿ ಭಯ ಆಗ್ತಿದೆ ಅಲ್ವಾ, ಇಲ್ಲೇ ಕೂತ್ಕೋ" ಎಂಬಷ್ಟು ಸಾಕು. ಒಂದು ಸಲಕ್ಕೆ ಒಂದೇ ಮಾತು, ಒಂದೇ ಕೆಲಸ ಹೇಳಿ.

ಸೋಮಾರಿತನದಂತೆ ಕಾಣುವ ಮಂಕಿಗೆ ಬೈಗುಳ ಔಷಧವಲ್ಲ. ಮೊದಲ ವಾರ ಏಳಕ್ಕೆ ಏಳುವುದು, ಹಲ್ಲುಜ್ಜುವುದು. ಅದು ರೂಢಿಯಾದ ಮೇಲೆ ಹಾಲು ತರುವುದು. ಆಮೇಲೆ ಹೂಕುಂಡಕ್ಕೆ ನೀರು, ಅರ್ಧ ಗಂಟೆ ನಡಿಗೆ. ಒಂದು ಮೆಟ್ಟಿಲಿಗೆ ಎರಡು ಮೂರು ವಾರ ಹಿಡಿಯಬಹುದು. ಔಷಧದ ಜೊತೆಗೆ ಯೋಗ ಸೇರಿಸಿದಾಗ ಈ ಮಂಕು ತಗ್ಗಿದ್ದು ನಿಮ್ಹಾನ್ಸ್‌ನ ಅಧ್ಯಯನಗಳಲ್ಲಿ ಕಂಡಿದೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿಯಂಥ ಕೆಲಸಗಳ ತರಬೇತಿ ಇದೆ. ಬೆಂಗಳೂರಿನಲ್ಲಿ ರಿಚ್ಮಂಡ್ ಫೆಲೋಶಿಪ್, ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್ ಇಂಥ ಕೆಲಸದಲ್ಲಿ ಬಹುಕಾಲದಿಂದ ಇವೆ.

"ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಹಾಗೇ ತಪ್ಪುತ್ತದೆ, ಕಾಯಿಲೆ ಮರಳುತ್ತದೆ. ಬಸುರಿ ಎಂದು ತಿಳಿದ ದಿನ ಗಾಬರಿಯಿಂದ ಮಾತ್ರೆ ನಿಲ್ಲಿಸಬೇಡಿ, ಆ ವಾರದಲ್ಲೇ ಮನೋವೈದ್ಯರನ್ನು ಕಾಣಿ.

ಈ ಕಾಯಿಲೆಯವರಲ್ಲಿ ಸುಮಾರು 100ಕ್ಕೆ 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಮೊದಲ ವರ್ಷಗಳು, ಆಸ್ಪತ್ರೆಯಿಂದ ಬಂದ ಮೊದಲ ವಾರಗಳು, "ನನ್ನ ಬದುಕು ಹೀಗಾಯಿತಲ್ಲ" ಎಂಬ ಅರಿವು ಮೂಡುವ ಹೊತ್ತು ಹೆಚ್ಚು ಅಪಾಯದ್ದು. ತೋಟದ ಕೀಟನಾಶಕಕ್ಕೆ ಬೀಗ ಹಾಕಿ ಕೀಲಿ ಬೇರೆ ಮನೆಯಲ್ಲಿಡಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಕಾಗದಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ತನ್ನ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಕ್ಕೆ ಅಂಕ ಕೊಟ್ಟು, ಕಾಯಿಲೆಯ ಅವಧಿ ಸೇರಿಸಿ ಶೇಕಡಾ ಲೆಕ್ಕ ಹಾಕುತ್ತಾರೆ. 40 ಮತ್ತು ಮೇಲಿದ್ದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಇದಕ್ಕಾಗಿಯೂ ಹಳೆಯ ಚೀಟಿಗಳನ್ನು ಎಸೆಯಬೇಡಿ. ಆರೋಗ್ಯ ವಿಮೆಯವರು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ಅವಕಾಶ ಕೊಡಬೇಕೆಂದು 2017ರ ಕಾಯ್ದೆಯ ಸೆಕ್ಷನ್ 21 ಹೇಳುತ್ತದೆ. ಚೆನ್ನಾಗಿರುವಾಗಲೇ ಅವರ ಕೈಲಿ ಮುಂಗಡ ನಿರ್ದೇಶನ ಬರೆಸಿಡಿ: ಮತ್ತೆ ಹೆಚ್ಚಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು.

ಎಷ್ಟು ವರ್ಷ, ನಿಲ್ಲಿಸುವುದು ಹೇಗೆ

ಮೊದಲ ಸಲವಾದರೆ ಪೂರ್ತಿ ಗುಣ ಕಂಡಮೇಲೆ ಕನಿಷ್ಠ ಒಂದರಿಂದ ಎರಡು ವರ್ಷ. ಎರಡು ಮೂರು ಸಲ ಮರಳಿದ್ದರೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು. 2012ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವರ್ಷದೊಳಗೆ ಕಾಯಿಲೆ ಮರಳಿದ್ದು ಮಾತ್ರೆ ಮುಂದುವರಿಸಿದವರಲ್ಲಿ 100ಕ್ಕೆ 27 ಮಂದಿಗೆ, ಬಿಟ್ಟವರಲ್ಲಿ 64 ಮಂದಿಗೆ. ಬಿಟ್ಟವರೆಲ್ಲರಿಗೂ ಮರಳಲಿಲ್ಲ, ತೆಗೆದುಕೊಂಡವರೆಲ್ಲ ಪಾರಾಗಲೂ ಇಲ್ಲ. ಯಾರು ಯಾವ ಕಡೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಮರಳುವಾಗ ಒಬ್ಬೊಬ್ಬರಿಗೆ ಒಂದೊಂದು ಮುನ್ಸೂಚನೆ ಇರುತ್ತದೆ, ಹೆಚ್ಚಾಗಿ ಪ್ರತಿ ಸಲವೂ ಅದೇ. ಒಬ್ಬರಿಗೆ ನಿದ್ದೆ ಮೂರು ಗಂಟೆಗೆ ಇಳಿಯುತ್ತದೆ, ಇನ್ನೊಬ್ಬರು ಕಿಟಕಿ ಮುಚ್ಚತೊಡಗುತ್ತಾರೆ, ಮತ್ತೊಬ್ಬರು ಇದ್ದಕ್ಕಿದ್ದಂತೆ ವಿಪರೀತ ಪೂಜೆಗೆ ಕೂರುತ್ತಾರೆ. ಹಿಂದಿನ ಸಲದ ಮೊದಲ ಹದಿನೈದು ದಿನವನ್ನು ಅವರ ಜೊತೆಯೇ ಕೂತು ನೆನಪು ಮಾಡಿಕೊಂಡು ಐದು ಗುರುತುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ. ಎರಡು ಕಂಡರೆ ಮಾಡಬೇಕಾದ್ದು, ಫೋನ್ ಮಾಡಬೇಕಾದ ಸಂಖ್ಯೆ ಕೆಳಗಿರಲಿ.

ಮಾತ್ರೆ ಇಳಿಸಲೇಬೇಕೆಂದು ಅವರು ಪಟ್ಟು ಹಿಡಿದರೆ, ಕದ್ದು ಬಿಡುವುದಕ್ಕಿಂತ ವೈದ್ಯರ ಕಣ್ಣೆದುರು ಇಳಿಸುವುದು ಮೇಲು. ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ, ಇಳಿಸಿದ ಮೇಲೆ ಮುಂದಿನ ಇಳಿಕೆಗೆ ಮುನ್ನ ಎರಡು ಮೂರು ತಿಂಗಳು ಕಾದು ನೋಡಿ. ಪರೀಕ್ಷೆ, ಮದುವೆ, ಹೊಸ ಕೆಲಸ, ಅಡಿಕೆ ಕೊಯ್ಲಿನ ರಾತ್ರಿ ಪಾಳಿ ಇರುವ ಕಾಲವನ್ನು ಇದಕ್ಕೆ ಆರಿಸಬೇಡಿ. ಎರಡು ರಾತ್ರಿ ಸತತ ನಿದ್ದೆ ಕೆಟ್ಟರೆ ಹಿಂದಿನ ಪ್ರಮಾಣಕ್ಕೆ ಮರಳಬಹುದೇ ಎಂಬುದನ್ನು ವೈದ್ಯರ ಕೈಯಲ್ಲಿ ಮೊದಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಮಂಗಳವಾರದ ಕ್ಲಿನಿಕ್ಕಿಗೆ ಇನ್ನೂ ಐದು ದಿನ ಇರುವಾಗಲೇ ಅದು ಬೇಕಾಗುವುದು.